ಪರೀಕ್ಷಾ ಕೋಣೆಯಲ್ಲಿ ಮಗುವಿಗೆ ಕನ್ನಡ ಬೇಡವೇ?

ಗಡಿನಾಡಿನಲ್ಲಿ ಕನ್ನಡಕ್ಕಾಗಿ ನಾವು ಬೀದಿಗಿಳಿದದ್ದು ಎಷ್ಟು ಸಲವೋ! ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ನೇಮಿಸಿದಾಗ ಇಳಿದಿದ್ದೇವೆ, ಇನ್ನು ಮುಂದೆಯೂ ಇಳಿಯುತ್ತೇವೆ. ಆದರೆ ನಮ್ಮ ಮಗುವಿಗೆ ತನ್ನ ಮಾತು ಎಲ್ಲಕ್ಕಿಂತ ಹೆಚ್ಚು ಬೇಕಾಗುವ ಒಂದು ಕೋಣೆಯಿದೆ. ಅದರ ವಿಚಾರ ನಮ್ಮ ಯಾವ ಮನವಿಯಲ್ಲಾದರೂ ಇದೆಯೇ? ಲೈಂಗಿಕ ದೌರ್ಜನ್ಯದ ಶಂಕೆ ಬಂದಾಗ ಮಗುವನ್ನು ಕರೆದೊಯ್ಯುವ ಆಸ್ಪತ್ರೆಯ ಪರೀಕ್ಷಾ ಕೋಣೆ ಅದು.

ಕಾಸರಗೋಡಿನ ಮೂರನೇ ತರಗತಿಯ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅವಳಿಗೆ ನೋವೆಂದರೆ 'ಬೇನೆ', ಹೊಟ್ಟೆಯೆಂದರೆ 'ಬಂಜಿ'. ನರ್ಸಮ್ಮ ಎಷ್ಟೇ ಒಳ್ಳೆಯವರಿರಲಿ, ಮಲಯಾಳದಲ್ಲಿ ಹೇಳಿದ ಸಮಾಧಾನ ಅವಳನ್ನು ಮುಟ್ಟುವುದು ಹೇಗೆ? ಬಟ್ಟೆ ಯಾಕೆ ತೆಗೆಯಬೇಕು, ಮುಂದೇನು ಎಂದು ತಿಳಿಯದ ಮಗುವಿಗೆ ಆ ಪರೀಕ್ಷೆಯೇ ಇನ್ನೊಂದು ಆಘಾತ.

ಕಾನೂನು ಇಲ್ಲವೆಂದಲ್ಲ. 2012ರ ಪೋಕ್ಸೊ ಕಾಯಿದೆಯ 27ನೇ ಕಲಂ ಪ್ರಕಾರ ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು. ತಂದೆ ತಾಯಿ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬೇಕು. ಹೇಳಿಕೆ ಬರೆದುಕೊಳ್ಳುವಾಗ ಮಗುವಿಗೆ ಭಾಷೆ ತಿಳಿಯದಿದ್ದರೆ ಅನುವಾದಕರನ್ನು ಕೊಡಬೇಕೆಂದು 19ನೇ ಕಲಂ ಹೇಳುತ್ತದೆ. ಆದರೆ ಪರೀಕ್ಷೆಯ ಆ 27ನೇ ಕಲಮಿನಲ್ಲಿ ಭಾಷೆಯ ಮಾತೇ ಇಲ್ಲ! ನಮ್ಮ ತಕರಾರು ಇಲ್ಲಿಯೇ. 2020ರ ನಿಯಮಗಳಂತೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ದುಭಾಷಿಗಳ ಪಟ್ಟಿ ಇಡಬೇಕು. ಆ ಪಟ್ಟಿಯಲ್ಲಿ ಕನ್ನಡ, ತುಳು ಬಲ್ಲವರು ಇರಲಿ; ಆಸ್ಪತ್ರೆಗಳಿಗೂ ಅದು ಸಿಗಲಿ.

ಬೇರೆಯವರನ್ನು ಬೈದು ಮುಗಿಸಿದರೆ ಸಾಲದು, ನಮ್ಮ ತಪ್ಪೂ ಸಣ್ಣದಲ್ಲ. "ಗಲಾಟೆ ಮಾಡಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ" ಎಂದು ಮಕ್ಕಳನ್ನು ಹೆದರಿಸಿಟ್ಟವರು ನಾವೇ. ಅನುಮಾನ ಬಂದ ಕೂಡಲೇ "ನಿಜ ಹೇಳು, ನಿಜ ಹೇಳು" ಎಂದು ಅಧ್ಯಾಪಕರು ಸರದಿಯಂತೆ ಕೇಳುವುದು ವಿಚಾರಣೆಯಲ್ಲ, ಹಿಂಸೆ. ಪೊಲೀಸರಿಗೆ ತಿಳಿಸುವುದು ನಮ್ಮ ಕರ್ತವ್ಯ; ತನಿಖೆ ಅವರ ಕೆಲಸ. "ಏನೂ ನೋವಾಗೋದಿಲ್ಲ" ಎಂಬ ಸುಳ್ಳು ಭರವಸೆಯೂ ಬೇಡ. ಪರೀಕ್ಷೆ ಮುಗಿದ ಮೇಲೆ "ಡಾಕ್ಟ್ರಿಗೆ ಏನೂ ಕಾಣ್ಲಿಲ್ಲವಂತೆ, ಮಗು ಸುಳ್ಳು ಹೇಳಿದ್ದು" ಎನ್ನುವವರಿಗೂ ಒಂದು ಮಾತು: ದೌರ್ಜನ್ಯಕ್ಕೊಳಗಾದ ಹೆಚ್ಚಿನ ಮಕ್ಕಳ ದೇಹದಲ್ಲಿ ಯಾವ ಗುರುತೂ ಕಾಣುವುದಿಲ್ಲ.

ಹಾಗಾದರೆ ಜೊತೆಗೆ ಹೋದವರು ಹೇಳಬೇಕಾದ್ದೇನು? "ನಿನ್ನದೇನೂ ತಪ್ಪಿಲ್ಲ. ಡಾಕ್ಟರಮ್ಮ ತಲೆಯಿಂದ ಕಾಲಿನವರೆಗೆ ನೋಡ್ತಾರೆ. ಪ್ರತಿಯೊಂದನ್ನೂ ಮೊದಲೇ ಹೇಳಿ ಮಾಡ್ತಾರೆ. ಬೇಡ ಅನಿಸಿದ್ರೆ 'ನಿಲ್ಸಿ' ಅನ್ನು, ನಾನು ಇಲ್ಲೇ ಇದ್ದೇನೆ." ಮಗು 'ನಿಲ್ಸಿ' ಎಂದರೆ ನಿಲ್ಲಿಸಲೇಬೇಕು. ಕೈ ಹಿಡಿದು ಬಲವಂತ ಮಾಡುವುದು ಪರೀಕ್ಷೆಯಲ್ಲ. ಎಳೆಯ ಮಕ್ಕಳಲ್ಲಿ ಸಾಮಾನ್ಯವಾಗಿ ಹೊರಗಿನಿಂದ ನೋಡುವುದಷ್ಟೇ. 'ಎರಡು ಬೆರಳಿನ ಪರೀಕ್ಷೆ'ಯನ್ನಂತೂ 2014ರ ಕೇಂದ್ರ ಮಾರ್ಗಸೂಚಿ ಕೈಬಿಟ್ಟಿದೆ. ಅದನ್ನು ಮಾಡುವುದು ದುರ್ನಡತೆ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ.

ರಕ್ಷಕ ಶಿಕ್ಷಕ ಸಂಘಗಳೇ, ಮುಂದಿನ ಸಭೆಯಲ್ಲಿ ವಾರ್ಷಿಕೋತ್ಸವದ ಲೆಕ್ಕದ ಜೊತೆ ಇದನ್ನೂ ಚರ್ಚೆಗಿಡಿ. ದುಭಾಷಿಗಳ ಪಟ್ಟಿಯಲ್ಲಿ ನಮ್ಮ ಮಾತಿನವರು ಎಷ್ಟು ಮಂದಿ ಎಂದು ಜಿಲ್ಲಾ ಘಟಕಕ್ಕೆ ಬರೆದು ಕೇಳಿ. ಇಲ್ಲದಿದ್ದರೆ ನಾವೇ ಹೆಸರು ಕೊಡೋಣ, ತರಬೇತಿ ಕೇಳೋಣ. ಫಲಕದ ಕನ್ನಡಕ್ಕೆ ಹೋರಾಡುವ ನಾವು, ಹೆದರಿದ ಮಗುವಿನ ಕಿವಿಗೆ ಎರಡು ಮಾತು ಕನ್ನಡ ತಲಪಿಸಲಾರೆವೇ?