ಬೋಟು ಸೋರುವುದು ಒಂದು ಕಡೆ, ನೀರು ಕಾಣುವುದು ಇನ್ನೊಂದು ಕಡೆ

ಗದಗ ಸೀಮೆಯವನು ಬೋಟಿನ ಬಗ್ಗೆ ಬರೀತಾನೆ ಅಂತ ನಗಬೇಡಿ. ನೀರಿನ ಮಾತು ಬಂದ್ರೆ ನಮ್ಮ ಬೆಟಗೇರಿಯಲ್ಲಿ ‘ನಳ ಯಾವಾಗ ಬರ್ತಾವ’ ಅನ್ನೋದೇ ಮೊದಲ ಪ್ರಶ್ನೆ, ಒಪ್ಪಿದೆ. ಆದರೆ ಶಿರಹಟ್ಟಿ, ಮುಂಡರಗಿ ಕಡೆ ತುಂಗಭದ್ರೆ ಹರಿಯುತ್ತಾಳೆ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ಬ್ಯಾರೇಜ್ ಕಟ್ಟಿದ ಮೇಲೆ ಅಲ್ಲಿ ದೊಡ್ಡ ಹಿನ್ನೀರೂ ಇದೆ. ನೀರಿದ್ದಲ್ಲಿ ದೋಣಿ, ದೋಣಿ ಇದ್ದಲ್ಲಿ ಸೋರಿಕೆ!

ಈ ಹೊಳೆಯ ಹಳೆಯ ವಾಹನ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ತೊಗಲು ಹೊದಿಸಿದ ಈ ದೋಣಿಗಳ ಬಗ್ಗೆ ಬರೆದಿದ್ದಾನೆ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಹರಿಗೋಲಿನ ಸುಖ ಏನಂದ್ರೆ, ಅದಕ್ಕಿರೋದು ಒಂದೇ ಪದರ. ಎಲ್ಲಿ ಹನಿ ಕಾಣುತ್ತೋ ಹೆಚ್ಚುಕಮ್ಮಿ ಅಲ್ಲೇ ತೂತು. ದಂಡೆಯಲ್ಲಿ ಬೋರಲು ಹಾಕಿ, ಒಣಗಿಸಿ, ಡಾಂಬರು ಬಳಿದರೆ ಮುಗೀತು.

ಫೈಬರ್ ಬೋಟಿನ ಕಥೆ ಬೇರೆ. ಎಷ್ಟೋ ಬೋಟುಗಳಲ್ಲಿ ಹೊರಗಿನ ಚಿಪ್ಪು ಒಂದು, ನಾವು ಕಾಲಿಡುವ ನೆಲ ಇನ್ನೊಂದು, ನಡುವೆ ಪೊಳ್ಳು. ನೀರು ಹಿಂದೆ ಒಳಗೆ ಬಂದು, ಪೊಳ್ಳಿನಲ್ಲಿ ಓಡಾಡಿ, ಮುಂದೆಲ್ಲೋ ಮೇಲೆ ಕಾಣಿಸಿಕೊಳ್ಳುತ್ತೆ. ಸಾಫ್ಟ್‌ವೇರ್ ಕೆಲಸ ಮಾಡೋ ನನಗೆ ಇದು ದಿನದ ಅನುಭವ. ಎರರ್ ಮೆಸೇಜ್ ಬರೋ ಜಾಗದಲ್ಲೇ ತಪ್ಪು ಇರುತ್ತೆ ಅಂತ ಏನಿಲ್ಲ.

ಹೊಳೆ ದಂಡೆಯ ಊರಿನಲ್ಲಿರುವ ನಮ್ಮ ಸೋದರಮಾವ ಗೆಳೆಯರ ಜೊತೆ ಸೇರಿ ಸಣ್ಣದೊಂದು ಹಳೆಯ ಫೈಬರ್ ಬೋಟು, ಹಿಂದೆ ಕಟ್ಟುವ ಎಂಜಿನ್ ತಗೊಂಡಿದ್ದರು. ರಜೆಯಲ್ಲಿ ಹೋದಾಗ ಅವರದು ಒಂದೇ ಗೋಳು. “ಮೂರು ಸಲ ಅಂಟು ಮೆತ್ತೇನಿ ತಮ್ಮಾ, ಎಲ್ಲಿಂದ ಸೋರತೈತೋ ಗೊತ್ತಾಗವಲ್ದು” ಅಂದರು. “ಖಾಲಿ ಕಟ್ಟಿ ಹಾಕಿದಾಗ ಸೋರತೈತೇನ್ರಿ ಮಾಮಾ?” ಅಂತ ಕೇಳಿದೆ. “ಇಲ್ಲಪಾ, ಮಂದಿ ಕುಂತ್ರ ಅಷ್ಟ” ಅಂದರು. ಅರ್ಧ ಉತ್ತರ ಅಲ್ಲೇ ಸಿಕ್ಕಿತ್ತು. ಜನ ಕೂತಾಗ ಬೋಟು ತಗ್ಗುತ್ತೆ. ಆಗ ಮಾತ್ರ ನೀರಿಗಿಳಿಯುವ ತೂತು ಅದು.

ಬೋಟನ್ನು ದಂಡೆಗೆ ಎಳೆಸಿ, ಒರೆಸಿ, ಡ್ರೇನ್ ಪ್ಲಗ್ ಬಿಗಿ ಮಾಡಿ, ಒಳಗೆ ಎರಡು ಇಂಚು ನೀರು ಬಿಟ್ಟೆವು. ಒಂದು ತಾಸು ಕಾದರೂ ಹೊರಗೆ ಹನಿ ಇಲ್ಲ. ಅಂದ್ರೆ ತಳ ಗಟ್ಟಿ. ಆ ನೀರು ಖಾಲಿ ಮಾಡಿ, ಹೊರಗಿನಿಂದ ಪೈಪ್ ಹಿಡಿದು ಕೆಳಗಿನಿಂದ ಮೇಲಕ್ಕೆ ನಿಧಾನ ಬಂದೆವು. ಮಾಮಾ ಒಳಗೆ ಟಾರ್ಚ್ ಹಿಡಿದು ಕೂತಿದ್ದರು. ಎಂಜಿನ್ ಬಿಗಿಯುವ ಬೋಲ್ಟಿನ ಹತ್ತಿರ ಪೈಪ್ ಬಂದಿದ್ದೇ ತಡ, “ಬಂತು ನೋಡಪಾ!” ಅಂದರು. ಅವರು ಮೂರು ಸಲ ಅಂಟು ಮೆತ್ತಿದ್ದು ನಡುವಿನ ಸೀಟಿನ ಕೆಳಗೆ.

‘ಒಂದು ಬೋಲ್ಟಿನ ಸಂದಿಗೆ ಇಷ್ಟೆಲ್ಲ ಯಾಕೆ?’ ಅನ್ನೋರಿಗೆ ಒಂದು ಲೆಕ್ಕ. ನೀರಿನ ಮಟ್ಟದಿಂದ ಒಂದಡಿ ಕೆಳಗೆ 1 ಸೆಂ.ಮೀ. ಅಗಲದ ತೂತಿದ್ದರೆ ತಾಸಿಗೆ ಸುಮಾರು 400 ಲೀಟರ್ ಒಳಗೆ ಬರುತ್ತೆ. ಅಂದ್ರೆ 400 ಕಿಲೋ, ಆರು ಜನ ದೊಡ್ಡವರ ಭಾರ. ತೂತು 2 ಸೆಂ.ಮೀ. ಆದರೆ ಇದು ನಾಲ್ಕು ಪಟ್ಟು. ಜನರ ಹಾಗೆ ಆ ನೀರು ಸುಮ್ಮನೆ ಕೂರೋದಿಲ್ಲ. ಬೋಟು ಯಾವ ಕಡೆ ವಾಲುತ್ತೋ ಅದೇ ಕಡೆ ಓಡಿ ಇನ್ನಷ್ಟು ವಾಲಿಸುತ್ತೆ. ಮಗುಚುವ ಅಪಾಯ ಇರೋದು ಇಲ್ಲಿ. ನೀರು ಹೊರಹಾಕುವ ಪಂಪ್ ಇದೆ ಅಂತ ನಿಶ್ಚಿಂತೆ ಬೇಡ. ಪಂಪ್ ಸೋರಿಕೆಯನ್ನು ಮುಚ್ಚಿಡುತ್ತೆ, ವಾಸಿ ಮಾಡೋದಿಲ್ಲ. ದಿನಕ್ಕೆ ಎಷ್ಟು ಸಲ ಅದು ಓಡುತ್ತೆ ಅಂತ ಬರೆದಿಡಿ. ಸಂಖ್ಯೆ ಏರಿದರೆ ತೂತು ಬೆಳೀತಿದೆ ಅಂತ ಅರ್ಥ.

ಹುಡುಕುವಾಗ ಮೊದಲು ಡ್ರೇನ್ ಪ್ಲಗ್ ಮತ್ತು ಅದರ ವಾಷರ್ ನೋಡಿ. ಆಮೇಲೆ ಚಿಪ್ಪನ್ನು ಕೊರೆದು ಹಾಕಿದ ಪ್ರತಿ ಬೋಲ್ಟು, ಸ್ಕ್ರೂ, ಪೈಪಿನ ಕ್ಲಿಪ್ಪು. ಬಿರುಕು ಹುಡುಕೋದು ಕೊನೆಗೆ. ಒಂದು ಸಲಕ್ಕೆ ಒಂದೇ ಜಾಗ ಪರೀಕ್ಷಿಸಿ, ಸೀಮೆಸುಣ್ಣದಿಂದ ಗುರುತು ಹಾಕಿ. ಗಾಳಿ ತುಂಬುವ ರಬ್ಬರ್ ಬೋಟಾದರೆ ಸೈಕಲ್ ಪಂಕ್ಚರ್ ಅಂಗಡಿಯ ವಿದ್ಯೆ ಸಾಕು: ಸೋಪಿನ ನೀರು ಸವರಿ, ಗುಳ್ಳೆ ಎಲ್ಲಿ ಏಳುತ್ತೆ ನೋಡಿ. ಆದರೆ ಫೈಬರ್ ಬೋಟಿಗೆ ಒಳಗಿಂದ ಭರ್ತಿ ನೀರು ತುಂಬಿಸಬೇಡಿ. ಹತ್ತಡಿ ಉದ್ದ, ನಾಲ್ಕಡಿ ಅಗಲದ ತಳದಲ್ಲಿ ನಾಲ್ಕಿಂಚು ನೀರು ಅಂದ್ರೇ ಸುಮಾರು 375 ಕಿಲೋ. ಕೆಳಗೆ ಸರಿಯಾದ ಆಸರೆ ಇಲ್ಲದಿದ್ದರೆ ಚಿಪ್ಪೇ ಬಿರಿಯಬಹುದು.

ಇನ್ನು ರಿಪೇರಿ. ಒದ್ದೆ ಜಾಗದ ಮೇಲೆ ಸಾಮಾನ್ಯ ಅಂಟು ಸರಿಯಾಗಿ ನಿಲ್ಲೋದಿಲ್ಲ. ಬೋಲ್ಟು ಬಿಚ್ಚಿ, ಹಳೆಯ ಅಂಟು ಪೂರ್ತಿ ಕೆರೆದು, ಒಣಗಿಸಿ. ಹಿಂಬದಿ ಗೋಡೆಯ ಒಳಗೆ ಸಾಮಾನ್ಯವಾಗಿ ಮರದ ಹಲಗೆ ಇರುತ್ತೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿದು ನೋಡಿ. ‘ಟಣ್’ ಅಂದರೆ ಗಟ್ಟಿ, ‘ಡಬ್’ ಅಂದರೆ ಮರ ಕೊಳೆತಿರಬಹುದು. ಆಗ ಕುಶಲ ಕೆಲಸಗಾರರನ್ನೇ ಕರೆಸಿ. ಮರ ಗಟ್ಟಿಯಿದ್ದರೆ ತೂತಿಗೆ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆದು, ಬೋಟಿಗೆಂದೇ ಸಿಗುವ ಪಾಲಿಯುರೆಥೇನ್ ಸೀಲಂಟ್ ಹಚ್ಚಿ ಬೋಲ್ಟು ಕೂರಿಸಿ. ಬಚ್ಚಲಮನೆಗೆ ಬಳಸುವ ಸಿಲಿಕೋನ್ ನೀರಿನ ಮಟ್ಟದ ಕೆಳಗೆ ಬೇಡ. ಚಿಪ್ಪೇ ಬಿರಿದಿದ್ದರೆ ಬಿರುಕಿನ ಸುತ್ತ ಚಿಪ್ಪಿನ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಫೈಬರ್ ಮ್ಯಾಟ್ ಮತ್ತು ರಾಳವನ್ನು ಪದರ ಪದರವಾಗಿ ಕೂರಿಸಬೇಕು. ಮಾಸ್ಕ್, ಕೈಗವಸು ಮರೀಬೇಡಿ.

ಕೊನೆಯ ಪರೀಕ್ಷೆ ತಪ್ಪಿಸಬೇಡಿ. ತಳದಲ್ಲಿ ಒಣ ಪೇಪರ್ ಹಾಸಿ, ದಂಡೆಗೆ ಹಗ್ಗ ಕಟ್ಟಿಕೊಂಡೇ ಬೋಟನ್ನು ಖಾಲಿಯಾಗಿ ಒಂದು ತಾಸು ತೇಲಿಬಿಡಿ. ಆಮೇಲೆ ಜನರ ಭಾರದಷ್ಟು ಮರಳಿನ ಚೀಲ ಇಟ್ಟು ಇನ್ನೊಂದು ತಾಸು. ಆ ಪೇಪರ್ ಒಣಗಿಯೇ ಇದ್ದರೆ ಮಾತ್ರ ಮಕ್ಕಳನ್ನು ಹತ್ತಿಸಿ, ಅದೂ ಲೈಫ್ ಜಾಕೆಟ್ ಹಾಕಿಸಿ. ತುದಿ ಒಂದಿಷ್ಟು ಒದ್ದೆ ಕಂಡರೂ ಆ ಭಾನುವಾರದ ವಿಹಾರ ದಂಡೆಯ ಮೇಲೆ, ರೊಟ್ಟಿ ಬುತ್ತಿ ಬಿಚ್ಚಿಕೊಂಡು ಆಗಲಿ.