ಎಣಿಕೆಗೆ ಅಂಜುವ ಸಮುದಾಯ

ಶಾಲೆಯ ಗಣಿತ ಪುಸ್ತಕದಲ್ಲಿ ದತ್ತಾಂಶ ನಿರ್ವಹಣೆ ಎಂಬ ಪಾಠವೊಂದಿದೆ. ಮಾಹಿತಿ ಕಲೆಹಾಕುವುದು, ತಾಳೆ ಗುರುತು ಹಾಕಿ ಎಣಿಸುವುದು, ಸ್ತಂಭಾಲೇಖ ಬರೆಯುವುದು, ಅದರಿಂದ ತೀರ್ಮಾನಕ್ಕೆ ಬರುವುದು ಅದರ ನಾಲ್ಕು ಮೆಟ್ಟಿಲುಗಳು. ಆದರೆ ಬಹುತೇಕ ತರಗತಿಗಳಲ್ಲಿ ಮೊದಲ ಮತ್ತು ಕೊನೆಯ ಮೆಟ್ಟಿಲುಗಳನ್ನೇ ಬಿಟ್ಟುಬಿಡಲಾಗುತ್ತದೆ. ಎಷ್ಟು ಮಂದಿಗೆ ಮಾವು ಇಷ್ಟ, ಎಷ್ಟು ಮಂದಿಗೆ ಬಾಳೆ ಇಷ್ಟ ಎಂಬ ಸಿದ್ಧ ಸಂಖ್ಯೆಗಳನ್ನು ಮಗು ನಕ್ಷೆ ಹಾಳೆಗೆ ಇಳಿಸಿ, ಬಣ್ಣ ತುಂಬಿ, ಅಂಕ ಪಡೆಯುತ್ತದೆ. ಗಣಿತವು ಚಿತ್ರಕಲೆಯಾಗಿ ಮುಗಿಯುತ್ತದೆ.

ಇದು ಶಿಕ್ಷಕರ ದೋಷ ಮಾತ್ರವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಎಣಿಕೆ ಕಲಿಸದ ಶಾಲೆಯ ಹಿಂದೆ ಎಣಿಕೆಗೆ ಅಂಜುವ ಸಮುದಾಯವಿದೆ. ನಮ್ಮ ಹೆಣ್ಣುಮಕ್ಕಳು ಶಾಲೆ ಬಿಡುತ್ತಿದ್ದಾರೆ ಎಂದು ಸಭೆಗಳಲ್ಲಿ ಮುಖಂಡರು ಗುಡುಗುತ್ತಾರೆ. ಎಷ್ಟು ಮಂದಿ? ಯಾವ ತರಗತಿಯಲ್ಲಿ? ಯಾವ ಓಣಿಯಲ್ಲಿ? ಕೇಳಿದರೆ 'ಬಹಳ ಮಂದಿ' ಎಂಬುದೇ ಉತ್ತರ. 'ಬಹಳ' ಎಂಬ ಪದವನ್ನು ನಂಬಿ ಯಾವ ಅಧಿಕಾರಿಯೂ ಬಸ್ಸು ಬಿಡುವುದಿಲ್ಲ, ಹಾಸ್ಟೆಲ್ ಮಂಜೂರು ಮಾಡುವುದಿಲ್ಲ.

2006ರ ನವೆಂಬರ್ 30ರಂದು ಸಂಸತ್ತಿನಲ್ಲಿ ಮಂಡನೆಯಾದ ಸಾಚಾರ್ ಸಮಿತಿಯ ವರದಿಯ ಬಲ ಇದ್ದುದು ಅದರ ಅಂಕಿಗಳಲ್ಲಿ. ಮುಸ್ಲಿಮ್ ಮಕ್ಕಳೆಲ್ಲ ಮದ್ರಸಾಗಳಲ್ಲೇ ಇದ್ದಾರೆ ಎಂಬ ಪ್ರಚಾರಕ್ಕೆ, ಶಾಲಾ ವಯಸ್ಸಿನವರಲ್ಲಿ ಮದ್ರಸಾಕ್ಕೆ ಹೋಗುವವರು ಶೇ. 3ರಷ್ಟು ಮಾತ್ರ ಎಂದು ಅದು ಉತ್ತರಿಸಿತು. ಅದೇ ವರದಿಯು 6ರಿಂದ 14ರ ಮಕ್ಕಳಲ್ಲಿ ಕಾಲು ಭಾಗದಷ್ಟು ಮಂದಿ ಶಾಲೆಗೆ ಹೋಗಿಯೇ ಇಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದೂ ಹೇಳಿತು. ಮೊದಲ ಅಂಕಿಯನ್ನು ನಾವು ವೇದಿಕೆಗಳಲ್ಲಿ ಮೆರೆಸಿದೆವು. ಎರಡನೆಯದರ ಮುಂದೆ ತಲೆ ತಗ್ಗಿಸಿದವರೆಷ್ಟು? ಅಂಕಿಯು ಪರರ ಸುಳ್ಳನ್ನು ಬಯಲು ಮಾಡುವಂತೆ ನಮ್ಮ ಆಲಸ್ಯವನ್ನೂ ಬಯಲು ಮಾಡುತ್ತದೆ. ನಮ್ಮ ಅಂಜಿಕೆಯ ಮೂಲ ಇದೇ.

ಎಣಿಸಲು ಕಲಿಯದವನು ಇತರರ ನಕ್ಷೆಗೆ ಮೋಸಹೋಗುತ್ತಾನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಪ್ರತಿ ಮುಸ್ಲಿಮ್ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ 4.4 ಇದ್ದುದು 2019-21ರ ವೇಳೆಗೆ 2.36ಕ್ಕೆ ಇಳಿದಿದೆ. ಹಿಂದೂ ಮಹಿಳೆಯರಲ್ಲಿ ಅದು 3.3ರಿಂದ 1.94ಕ್ಕೆ ಇಳಿದಿದೆ. 2.36 ಮತ್ತು 1.94ರ ಸ್ತಂಭಗಳನ್ನು ಸೊನ್ನೆಯಿಂದ ಎಬ್ಬಿಸಿದರೆ ಒಂದು ಇನ್ನೊಂದಕ್ಕಿಂತ ಸುಮಾರು ಐದನೇ ಒಂದು ಭಾಗದಷ್ಟು ಎತ್ತರ. ಅಕ್ಷವನ್ನು 1.8ರಿಂದ ಆರಂಭಿಸಿದರೆ ಅದೇ ಸ್ತಂಭ ನಾಲ್ಕು ಪಟ್ಟು ಎತ್ತರ! ಸಂಖ್ಯೆಯಲ್ಲಿ ಸುಳ್ಳಿಲ್ಲ, ಚಿತ್ರದಲ್ಲಿ ದ್ವೇಷವಿದೆ. ಈ ಕೈಚಳಕವನ್ನು ಹಿಡಿಯಲು ಎಂಟನೇ ತರಗತಿಯ ಗಣಿತ ಸಾಕು.

ಇನ್ನು ನಮ್ಮ ಊರುಗಳತ್ತ ನೋಡೋಣ. ತಿಕೋಟಾ ಮತ್ತು ಬಬಲೇಶ್ವರ ಇಂದು ಪ್ರತ್ಯೇಕ ತಾಲೂಕುಗಳು. 2011ರ ಜನಗಣತಿಯ ಕಾಲಕ್ಕೆ ಅವು ವಿಜಯಪುರ ತಾಲೂಕಿನೊಳಗೇ ಇದ್ದವು. 2021ರ ಜನಗಣತಿ ನಡೆಯಲಿಲ್ಲ. ಹಾಗಾದರೆ ಈ ತಾಲೂಕುಗಳ ಮಕ್ಕಳು ತಮ್ಮ ಊರಿನ ಸ್ಥಿತಿ ಅರಿಯಲು 2027ರ ಜನಗಣತಿಯನ್ನೇ ಕಾಯಬೇಕೆ? ದ್ರಾಕ್ಷಿಯ ಸುಗ್ಗಿಯಲ್ಲಿ, ಒಣದ್ರಾಕ್ಷಿಯ ಕೆಲಸದ ದಿನಗಳಲ್ಲಿ ಯಾವ ತರಗತಿಯ ಎಷ್ಟು ಬೆಂಚು ಖಾಲಿ ಎಂಬುದನ್ನು ತಿಕೋಟಾದ ಮಕ್ಕಳೇ ತಿಂಗಳುವಾರು ಎಣಿಸಬಹುದು. ಹತ್ತನೆಯ ನಂತರ ನಗರದ ಕಾಲೇಜಿಗೆ ಹೋಗುವ ಹುಡುಗಿಯರೆಷ್ಟು, ಮನೆಯಲ್ಲೇ ಉಳಿದವರೆಷ್ಟು ಎಂಬುದನ್ನು ಬಬಲೇಶ್ವರದ ಮಕ್ಕಳು ಸ್ತಂಭಗಳಾಗಿ ನಿಲ್ಲಿಸಬಹುದು. ನಳದಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂದು ವಿಜಯಪುರದ ಓಣಿಗಳ ಮಕ್ಕಳು ಬರೆದಿಡಬಹುದು. ಗೆಳೆಯರ ಹತ್ತು ಮನೆ ಕೇಳಿದರೆ ಇಡೀ ಓಣಿಯ ಲೆಕ್ಕವಾಗದು, ಸಾಲಿನ ಪ್ರತಿ ಐದನೇ ಮನೆಯನ್ನಾದರೂ ತಟ್ಟಬೇಕು ಎಂಬ ಪಾಠವನ್ನೂ ಅವರು ಆಗಲೇ ಕಲಿಯುತ್ತಾರೆ.

ಪರರ ಮನೆಯ ಸಂಗತಿ ಮಕ್ಕಳಿಗೇಕೆ ಎಂದು ಆಕ್ಷೇಪಿಸುವವರಿದ್ದಾರೆ. ಮರ್ಯಾದೆಯ ಪ್ರಶ್ನೆ ಅಲಕ್ಷಿಸುವಂಥದಲ್ಲ. ಆದರೆ ತಾಳೆ ಗುರುತಿಗೆ ಹೆಸರಿಲ್ಲ. ಯಾರ ಮಗಳು ಎಂದು ಬರೆಯದೆ ಎಷ್ಟು ಮಂದಿ ಎಂದಷ್ಟೇ ಬರೆಯುವುದು ಆ ಗುರುತಿನ ಗುಣ. ಮೊದಲು ಪರೀಕ್ಷೆಯ ಅಂಕ ಬರಲಿ ಎನ್ನುವವರೂ ಇದ್ದಾರೆ. ಸ್ವತಃ ಎಣಿಸಿ ನಕ್ಷೆ ಬರೆದ ಮಗುವಿಗೆ ಪರೀಕ್ಷೆಯ ನಕ್ಷೆ ಹೊರೆಯಾದೀತೆ?

ಇಸ್ಲಾಮ್ ಸ್ವೀಕರಿಸಿದವರ ಪಟ್ಟಿಯನ್ನು ಬರೆಯುವಂತೆ ಪ್ರವಾದಿ(ಸ) ಅಪ್ಪಣೆ ಮಾಡಿದ್ದನ್ನೂ ಅನುಚರರು 1500 ಪುರುಷರ ಹೆಸರು ಬರೆದದ್ದನ್ನೂ ಹುದೈಫಾ(ರ) ಅವರ ವರದಿಯಾಗಿ ಬುಖಾರಿಯಲ್ಲಿ ಓದುತ್ತೇವೆ. ಒಂಬತ್ತನೇ ಶತಮಾನದ ಅಲ್ ಕಿಂದಿ, ಪ್ರತಿ ಅಕ್ಷರ ಎಷ್ಟು ಬಾರಿ ಬರುತ್ತದೆಂದು ಎಣಿಸಿಯೇ ಗುಪ್ತಲಿಪಿಯನ್ನು ಬಿಡಿಸುವ ಬಗೆ ತೋರಿಸಿದರು. ಇಂಥ ಪರಂಪರೆಯವರು 'ಬಹಳ' ಎಂಬ ಪದದಲ್ಲಿ ಬದುಕುತ್ತಿರುವುದು ವಿಪರ್ಯಾಸವಲ್ಲವೇ?

ಆದ್ದರಿಂದ ನಮ್ಮ ಆಗ್ರಹ ಸರಳ. ಸಮುದಾಯದ ಆಡಳಿತದಲ್ಲಿರುವ ಪ್ರತಿ ಶಾಲೆಯೂ ವರ್ಷಕ್ಕೊಂದು ಓಣಿಯ ಎಣಿಕೆಯನ್ನು ಗಣಿತದ ಪಾಠವಾಗಿಯೇ ನಡೆಸಲಿ. ಆ ಸ್ತಂಭಾಲೇಖವನ್ನು ಜಮಾಅತ್ ಕಚೇರಿಯ ಗೋಡೆಗೆ ಅಂಟಿಸಲಿ. ಮುಂದಿನ ಮನವಿಪತ್ರದೊಂದಿಗೆ ಅದರ ಪ್ರತಿಯೂ ಜಿಲ್ಲಾಧಿಕಾರಿಗಳ ಮೇಜಿಗೆ ಹೋಗಲಿ. ಅದಕ್ಕೂ ಮೊದಲು, ಆ ಗೋಡೆಯ ಮುಂದೆ ನಿಂತು ನಾವೇ ಅದನ್ನು ಓದೋಣ.