ಎರಡು ಮನೆಯ ನೀರು



ಮನೆಯ ಹಿರಿಯರೊಬ್ಬರು ದೀರ್ಘಕಾಲ ಹಾಸಿಗೆ ಹಿಡಿದರೆ ಆ ಮನೆಯ ಮಾತಿನಲ್ಲಿಯೇ ಒಂದು ಬದಲಾವಣೆ ತಲೆದೋರುತ್ತದೆ. ಅದುವರೆಗೆ ತಾವೇ ಏಳುತ್ತಿದ್ದವರನ್ನು ನಾವು ಎಬ್ಬಿಸುತ್ತೇವೆ, ಉಣ್ಣುತ್ತಿದ್ದವರಿಗೆ ಉಣಿಸುತ್ತೇವೆ, ಮಲಗುತ್ತಿದ್ದವರನ್ನು ಮಲಗಿಸುತ್ತೇವೆ. ಕ್ರಿಯಾಪದಗಳೆಲ್ಲ ಅವರ ಕೈತಪ್ಪಿ ನಮ್ಮ ಕೈಗೆ ಬರುತ್ತವೆ. ಸೇವೆಯೆಂದರೆ ಇದೇ ಎಂದು ಲೋಕ ಹೇಳುತ್ತದೆ, ಅದು ಸುಳ್ಳಲ್ಲ. ಆದರೆ ಕಾಯಿಲೆ ಇಳಿಮುಖವಾದ ಮೇಲೂ ಆ ಕ್ರಿಯಾಪದಗಳು ತಾವಾಗಿ ಹಿಂದಿರುಗುವುದಿಲ್ಲ. ಯಾರಾದರೂ ಮರಳಿ ಕೊಡಬೇಕು, ಇಲ್ಲವೇ ಹಿರಿಯರೇ ಕೇಳಿ ಪಡೆಯಬೇಕು. ಒಂದು ದಿನದ ಹೊರಸಂಚಾರ ಇದಕ್ಕೆ ಹೇಗೆ ಒದಗಿಬಂದಿತೆಂಬುದನ್ನು ಈ ತಿಂಗಳು ಓದುಗರ ಮುಂದಿಡಬಯಸುತ್ತೇವೆ.

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ತಾಯಿಯವರಿಗೆ ಪಾರ್ಶ್ವವಾಯು ಬಡಿದು ಹದಿನಾಲ್ಕು ತಿಂಗಳಾಗಿತ್ತು. ನಮ್ಮ ಕಡೆಯ ಜನ ಇದನ್ನು ಲಕ್ವ ಎನ್ನುತ್ತಾರೆ. ಎಡಗೈ ಎಡಗಾಲು ಸ್ವಾಧೀನ ತಪ್ಪಿದ್ದವು, ಮಾತು ತೊದಲುತ್ತಿತ್ತು. ಲಿಂಗವಂತರ ಮನೆಯಲ್ಲಿ ಎಡಗೈ ಹೋಗುವುದೆಂದರೇನು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಅದು ಇಷ್ಟಲಿಂಗದ ಪೀಠ. ಬಾಲ್ಯದಲ್ಲಿ ದೀಕ್ಷೆಯಾದಂದಿನಿಂದ ಒಂದು ದಿನವೂ ತಪ್ಪದ ಪೂಜೆ ಅವರದು. ಕಾಯಿಲೆಯ ದಿನಗಳಲ್ಲಿಯೂ ಅದು ತಪ್ಪಲಿಲ್ಲ. ಸೊಸೆಯು ತನ್ನ ಅಂಗೈಯನ್ನು ಅತ್ತೆಯ ಅಂಗೈಗೆ ಆಸರೆಯಾಗಿ ಹಿಡಿಯುತ್ತಿದ್ದಳು, ಅವರು ಬಲಗೈಯಿಂದ ವಿಭೂತಿ, ಪತ್ರೆ ಏರಿಸುತ್ತಿದ್ದರು. ಆದರೂ ಪೂಜೆ ಮುಗಿದ ಬಳಿಕ ಕೆಲಹೊತ್ತು ಅವರು ಯಾರೊಡನೆಯೂ ಮಾತನಾಡುತ್ತಿರಲಿಲ್ಲ.

ಕೋಲು ಹಿಡಿದು ಹತ್ತು ಹೆಜ್ಜೆ ನಡೆಯುವಂತಾದಾಗ ವೈದ್ಯರು, ರಕ್ತದೊತ್ತಡದ ಗುಳಿಗೆ ತಪ್ಪಿಸದೆ ಒಂದು ದಿನದ ಮಟ್ಟಿಗೆ ಹೊರಗೆ ಕರೆದೊಯ್ಯಲು ಅಡ್ಡಿಯಿಲ್ಲವೆಂದರು. ಎಲ್ಲಿಗೆ ಎಂಬ ಪ್ರಶ್ನೆಗೆ ಮನೆಯಲ್ಲಿ ನಾಲ್ಕು ಉತ್ತರಗಳು ಹುಟ್ಟಿದವು. ಇತಿಹಾಸ ಓದುತ್ತಿರುವ ಮೊಮ್ಮಗಳಿಗೆ ಬಾದಾಮಿಯೇ ಆಗಬೇಕು. ಮೂರನೆಯ ಗುಹೆಯಲ್ಲಿರುವ ಕ್ರಿ.ಶ. 578ರ ಮಂಗಳೇಶನ ಶಾಸನ, ಒಂದನೆಯ ಗುಹೆಯ ಹದಿನೆಂಟು ಕೈಗಳ ನಟರಾಜ ಎಂದೆಲ್ಲ ಅವಳು ಅಜ್ಜಿಯ ಮುಂದೆ ವರ್ಣಿಸಿದಳು. ತಾಯಿಯವರು ಎಲ್ಲವನ್ನೂ ಕೇಳಿ, “ಹದಿನೆಂಟ ಕೈ ಅದಾವಂತಲ್ಲ ಅವಗ, ಒಂದ ಎಡಗೈ ನನಗ ಕೊಡ್ತಾನೇನ ಕೇಳ್ಕೊಂಡ ಬಾ, ಆಮ್ಯಾಲೆ ಹೋಗೂಣು” ಎಂದರು. ಬಾದಾಮಿಯ ಗುಹೆಗಳಿಗೆ ಮೆಟ್ಟಿಲುಗಳನ್ನು ಏರಿಯೇ ಹೋಗಬೇಕು. ಮಂಗಗಳ ಕಾಟವೂ ಉಂಟು. ಕಾಲಿಲ್ಲದವರನ್ನು ಬೆಟ್ಟದ ಬುಡದಲ್ಲಿ ವಾಹನದೊಳಗೆ ಕೂರಿಸಿ, ಕಾಲಿದ್ದವರು ಹತ್ತಿ ಇಳಿದು ಬರುವುದನ್ನು ಅವರ ಸಂಚಾರವೆನ್ನಲಾದೀತೇ?

ಅವರು ಕೇಳಿದ್ದು ಕೂಡಲಸಂಗಮವನ್ನು.

ಇದಕ್ಕೆ ನಮ್ಮ ಬಂಧುವರ್ಗದ ಹಿರಿಯರೊಬ್ಬರು ಆಕ್ಷೇಪವೆತ್ತಿದರು. ಕೊರಳಲ್ಲಿ ಲಿಂಗವಿರುವಾಗ ಕ್ಷೇತ್ರವನ್ನು ಅರಸಿ ಹೋಗುವುದೇಕೆ, ಅದೂ ಈ ಸ್ಥಿತಿಯಲ್ಲಿ ಎಂಬುದು ಅವರ ವಾದ. ತತ್ವದ ದೃಷ್ಟಿಯಿಂದ ಮಾತು ಒಪ್ಪತಕ್ಕದ್ದೇ. ಶರಣರು ದೇಹವನ್ನೇ ದೇಗುಲವೆಂದು ಸಾರಿದವರು. ಆದರೆ ಆ ದೇಗುಲಕ್ಕೂ ಗಾಳಿ ಬೆಳಕು ಬೇಡವೇ? ಹದಿನಾಲ್ಕು ತಿಂಗಳು ಸ್ಥಾವರವಾಗಿ ಬಿದ್ದಿದ್ದ ಜೀವ ಒಂದು ದಿನ ಜಂಗಮವಾದರೆ ತತ್ವಕ್ಕೆ ಬರುವ ಕುಂದೇನು? ಹಿರಿಯರಿಗೆ ಇಷ್ಟನ್ನು ವಿನಯದಿಂದಲೇ ಅರಿಕೆ ಮಾಡಿದೆವು. ಅವರು ಒಪ್ಪಿದರೆಂದು ಹೇಳಲಾರೆವು, ಸುಮ್ಮನಾದರು.

ಸಂಗಮವೇ ಏಕೆಂಬುದಕ್ಕೆ ತಾಯಿಯವರ ಬಳಿ ತಮ್ಮದೇ ಆದ ಕಾರಣವಿತ್ತು. ಅವರ ತವರು ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರಕ್ಕೆ ಸಮೀಪ. ಅಲ್ಲಿ ತಯಾರಾಗುವ ವಿಭೂತಿಯ ಗಟ್ಟಿಯೇ ಇಂದಿಗೂ ನಮ್ಮ ಮನೆಯ ಜಗುಲಿಯ ಮೇಲಿರುವುದು. ಕೊಟ್ಟ ಮನೆ ಹಳೆಯ ಬಾಗಲಕೋಟೆಯಲ್ಲಿ, ಘಟಪ್ರಭೆಯ ಕಡೆಗೆ. ಆಲಮಟ್ಟಿಯ ಹಿನ್ನೀರಿನಲ್ಲಿ ಆ ಮನೆ ಮುಳುಗಡೆಯಾಗಿ ನಾವೆಲ್ಲ ನವನಗರದವರಾದೆವು. ಘಟಪ್ರಭೆಯ ನೀರು ಕೃಷ್ಣೆಯನ್ನು ಸೇರಿ, ಆಲಮಟ್ಟಿಯನ್ನು ದಾಟಿ ಕೆಳಗಿಳಿಯುತ್ತದೆ. ಮಲಪ್ರಭೆಯು ಶಿವಯೋಗಮಂದಿರ, ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಹುನಗುಂದ ಸೀಮೆಗೆ ಬರುತ್ತದೆ. “ಎರಡೂ ಮನಿ ನೀರು ಕೂಡೂದು ಅಲ್ಲೇ ಅಲ್ಲೇನೋ ತಮ್ಮಾ?” ಎಂದು ತಾಯಿಯವರು ಕೇಳಿದಾಗ ನಕಾಶೆಯನ್ನು ಬಿಡಿಸಿ ನೋಡಿ ಹೌದೆನ್ನಬೇಕಾಯಿತು. ಶಾಲೆಯ ಮುಖವನ್ನು ಮೂರೇ ವರ್ಷ ಕಂಡವರು ಅವರು.

ಇಂಥ ಸಿದ್ಧತೆಯಲ್ಲಿರುವ ಮನೆಗಳಿಗೆ ಉಪಯೋಗವಾದೀತೆಂದು ಕೆಲವು ಮಾತು. ಮಾರ್ಗಶಿರ ಮಾಸವನ್ನು ಆರಿಸಿಕೊಂಡೆವು. ಬಿಸಿಲು ಕಾಯುವುದಿಲ್ಲ, ನದಿಯಲ್ಲಿ ನೀರಿರುತ್ತದೆ. ಸೋಮವಾರ, ಅಮಾವಾಸ್ಯೆಗಳ ಜನಸಂದಣಿಯನ್ನು ತಪ್ಪಿಸಿದೆವು. ಮನೆಯ ಕೈಕುರ್ಚಿಯೊಂದನ್ನು ಜೊತೆಗೇ ಒಯ್ದೆವು, ಏಕೆಂದರೆ ನೆಲದ ಮೇಲೆ ಕುಳಿತ ಇಂಥವರನ್ನು ಎಬ್ಬಿಸುವುದು ಕೂರಿಸುವುದಕ್ಕಿಂತ ಕಷ್ಟ. ವಾಹನದೊಳಗೆ ಕಾಲು ಮೊದಲಿಡದೆ, ಆಸನಕ್ಕೆ ಬೆನ್ನು ಮಾಡಿ ಕುಳಿತು ಆಮೇಲೆ ಕಾಲುಗಳನ್ನು ಒಳಗೆಳೆದುಕೊಂಡರೆ ಬೀಳುವ ಭಯವಿಲ್ಲ. ಲಕ್ವದವರಿಗೆ ತೆಳ್ಳನೆಯ ನೀರು ಕೆಲವೊಮ್ಮೆ ಗಂಟಲಲ್ಲಿ ಹಾದಿ ತಪ್ಪಿ ಕೆಮ್ಮು ತರುತ್ತದೆ. ನೆಟ್ಟಗೆ ಕುಳಿತು ಗುಟುಕು ಗುಟುಕಾಗಿ ಕುಡಿಯಬೇಕು. ಬುತ್ತಿಯಲ್ಲಿ ನಮಗೆ ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅವರಿಗೆ ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಗಟ್ಟಿ ಮಜ್ಜಿಗೆ.

ಇನ್ನೊಂದು ಸಂಗತಿಯನ್ನು ಸಂಕೋಚವಿಲ್ಲದೆ ಬರೆಯಬೇಕಾಗಿದೆ. ಪ್ರವಾಸವೆಂದರೆ ಹಿರಿಯರಿಗೆ, ವಿಶೇಷವಾಗಿ ತಾಯಂದಿರಿಗೆ, ಮೊದಲ ಭಯ ಶೌಚಾಲಯದ್ದು. ಆ ಭಯದಿಂದ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ, ಕೇಳಿದರೆ ಬಾಯಾರಿಕೆಯಿಲ್ಲವೆನ್ನುತ್ತಾರೆ. ಹುನಗುಂದದಲ್ಲಿ ನಮ್ಮ ಬೀಗರ ಮನೆಯಿದೆ, ಅಲ್ಲಿ ಕುರ್ಚಿಯಂತೆ ಕೂರುವ ಶೌಚಾಲಯವಿದೆ, ಹೋಗುವಾಗಲೂ ಬರುವಾಗಲೂ ಅಲ್ಲಿ ಇಳಿಯುವುದೆಂದು ನಾಲ್ಕು ದಿನ ಮೊದಲೇ ತಿಳಿಸಿದೆವು. ಅವರು ನೀರು ಕುಡಿದರು. ಬೀಗಿತ್ತಿಯವರು ಹೋಗುವಾಗ ಒಂದು ಲೋಟ ಹಾಲನ್ನೂ ಕುಡಿಸಿದರು.

ಸಂಗಮವನ್ನು ಮುಟ್ಟಿದಾಗ ಬೆಳಗಿನ ಒಂಬತ್ತು ಗಂಟೆ. ಬಸವಣ್ಣನವರು ವಿದ್ಯೆ ಕಲಿತ, ಕಲ್ಯಾಣದಿಂದ ಮರಳಿ ಬಂದು ಐಕ್ಯರಾದ ನೆಲ. ಐಕ್ಯಸ್ಥಳವು ಹಿಂದೆ ನದಿಯ ಮಡಿಲಲ್ಲಿದ್ದ ಪುಟ್ಟ ಮಂಟಪ. ನಾರಾಯಣಪುರದ ಬಸವಸಾಗರದ ಹಿನ್ನೀರು ಅದನ್ನು ನುಂಗಬಾರದೆಂದು ಸುತ್ತಲೂ ಬಾವಿಯಂತೆ ದುಂಡನೆಯ ಗೋಡೆಯನ್ನು ಎತ್ತರಿಸಿದ್ದಾರೆ. ಈಗ ಸೇತುವೆಯ ಮೇಲೆ ಸಾಗಿ, ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ತಾಯಿಯವರು ಹೊಸ ಸೊಸೆಯಾಗಿ ಬಂದಾಗ ನೀರು ಇಳಿದ ಕಾಲದಲ್ಲಿ ದಂಡೆಯಿಂದ ಉಸುಕಿನಲ್ಲಿ ನಡೆದು ಮಂಟಪ ಮುಟ್ಟಿದ್ದರಂತೆ. ಈಗಿನ ಮೆಟ್ಟಿಲು ಅವರಿಂದಾಗದು. ಸಹೋದರರಿಬ್ಬರೂ ಕುರ್ಚಿಸಹಿತ ಹೊತ್ತು ಇಳಿಸಲು ಸಿದ್ಧರಾಗಿ ಸೆರಗಿನ ಪಂಚೆ ಬಿಗಿದೆವು. ಅವರು ಕೋಲನ್ನು ಅಡ್ಡ ಹಿಡಿದರು.

“ಕುಂದ್ರಿಸಿ ಹೊರೂದು ಒಮ್ಮಿ ಇದ್ದ ಐತಿ. ಅದಕ್ಕ ಇಷ್ಟ ಗಡಿಬಿಡಿ ಯಾಕ?”

ನಮ್ಮವರನ್ನು ಕೂರಿಸಿಯೇ ಬೀಳ್ಕೊಡುವ ಪದ್ಧತಿಯನ್ನು ಬಲ್ಲವರಿಗೆ ಈ ಮಾತಿನ ಮೊನೆ ತಿಳಿಯುತ್ತದೆ. ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹೆಣ್ಣುಮಗಳೊಬ್ಬಳು ಬಾಯಿಗೆ ಸೆರಗು ಹಿಡಿದು ನಕ್ಕಳು. ತಾಯಿಯವರೂ ನಕ್ಕರು, ಅರ್ಧ ಮುಖದ ನಗೆ. ಮೊಮ್ಮಕ್ಕಳು ಕೆಳಗಿಳಿದು ಹೋದರು. ನಾವು ನದಿ ಕಾಣುವ ನೆರಳಿನಲ್ಲಿ ಕುರ್ಚಿ ಹಾಕಿದೆವು.

ಬಹಳ ಹೊತ್ತು ಅವರು ನೀರನ್ನೇ ನೋಡುತ್ತಿದ್ದರು. ಯಾವುದು ಕೃಷ್ಣೆ, ಯಾವುದು ಮಲಪ್ರಭೆ ಎಂದು ಕೇಳಿ ತಿಳಿದುಕೊಂಡರು. ಮುಳುಗಿದ ಮನೆಯ ಹೆಸರೆತ್ತಲಿಲ್ಲ, ತವರಿನ ಹೆಸರನ್ನೂ ಎತ್ತಲಿಲ್ಲ. ಅನಂತರ ಲಿಂಗವನ್ನು ಕರಡಿಗೆಯಿಂದ ತೆಗೆದುಕೊಡಲು ಹೇಳಿದರು. ಸೊಸೆ ರೂಢಿಯಂತೆ ತನ್ನ ಅಂಗೈಯನ್ನು ಮುಂದೆ ಮಾಡಿದಳು. ಅವರು ಬೇಡವೆಂದು ತಲೆಯಾಡಿಸಿ, ಬಲಗೈಯಿಂದ ತಮ್ಮ ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲಿಂಗವನ್ನು ಅಲ್ಲಿಟ್ಟುಕೊಂಡರು. ಕೈ ನಡುಗಿತು. ಬಲಗೈ ಬೇಲಿಯಂತೆ ಸುತ್ತುವರಿಯಿತು. ಸೊಸೆ ತನ್ನೆರಡೂ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕುಳಿತಿದ್ದಳು. ಆ ಐದು ನಿಮಿಷ ಆಕೆಗೆ ಎಷ್ಟು ದೀರ್ಘವಾಗಿತ್ತೆಂಬುದನ್ನು ನಾವು ಅವಳ ಮುಖದಲ್ಲಿ ಕಂಡೆವು. ಲಿಂಗ ಜಾರಲಿಲ್ಲ.

ಇದನ್ನು ಯಾರೂ ಪವಾಡವೆಂದು ತಿಳಿಯಬಾರದು. ಕೈಗೆ ಶಕ್ತಿ ಮರಳಿರಲಿಲ್ಲ, ಇಂದಿಗೂ ಪೂರ್ತಿ ಮರಳಿಲ್ಲ. ಮನೆಯಲ್ಲಿಯೂ ಹೀಗೆ ಮಾಡಬಹುದಿತ್ತಷ್ಟೇ. ಮನೆಯಲ್ಲಿ ಆಸರೆಯ ಕೈ ಮೊದಲೇ ಬಂದಿರುತ್ತದೆ.

ಹುನಗುಂದದ ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡು, ಇಳಕಲ್ಲಿಗೆ ಹೊರಟೆವು. ಅಲ್ಲಿಗೆ ಹೋಗುವುದೂ ತಾಯಿಯವರದೇ ತೀರ್ಮಾನ. ಸೀರೆಯಂಗಡಿಯ ಕಟ್ಟೆಗೆ ಎರಡೇ ಮೆಟ್ಟಿಲು, ಅವರೇ ಹತ್ತಿದರು. ಇಳಕಲ್ಲ ಸೀರೆಯ ಮರ್ಮ ಅದರ ಸೆರಗಿನಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕುಣಿಕೆ ಹಾಕಿ ಕೋದು ಕೂಡಿಸಿ ನೇಯುತ್ತಾರೆ. ಕೆಂಪು ಸೆರಗು, ಅದರ ಮೇಲೆ ಬಿಳಿಯ ತೆನೆ. ಕೂಡಿಸಿದ ಆ ಜಾಗವನ್ನು ಬೆರಳಲ್ಲಿ ತಿಕ್ಕಿ ನೋಡಿ ಸೀರೆಯ ಸಾಚಾತನ ಹೇಳುವ ಹೆಂಗಸರ ಪೀಳಿಗೆ ತಾಯಿಯವರದು. ಅವರು ಬಲಗೈಯ ಹೆಬ್ಬೆರಳಿನಿಂದ ತಿಕ್ಕಿ ಎರಡು ಸೀರೆಗಳನ್ನು ಬದಿಗೆ ಸರಿಸಿದರು, ಮೂರನೆಯದನ್ನು ಇಟ್ಟುಕೊಂಡರು.

ಬೆಲೆಯ ಮಾತು ಬಂದಿತು. ತಾಯಿಯವರು ಹೇಳಿದ್ದು ಅಂಗಡಿಯವರಿಗೆ ತಿಳಿಯಲಿಲ್ಲ. ಕಳೆದ ಹದಿನಾಲ್ಕು ತಿಂಗಳು ಇಂಥ ಕಡೆಯಲ್ಲೆಲ್ಲ ನಾವೇ ದುಭಾಷಿಗಳು. ನಾವು ಬಾಯಿ ತೆರೆಯುವಷ್ಟರಲ್ಲಿ ಅವರ ಬಲಗೈ ನಮ್ಮ ಮೊಣಕಾಲಿನ ಮೇಲೆ ಬಿದ್ದಿತು, ಸುಮ್ಮನಿರಿ ಎಂಬಂತೆ. ಮತ್ತೊಮ್ಮೆ, ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಹೇಳಿದರು. ಅಂಗಡಿಯವರು ಕೈಯಲ್ಲಿದ್ದ ಗಜಕೋಲನ್ನು ಕೆಳಗಿಟ್ಟು, “ಸಾವಕಾಶ ಹೇಳ್ರಿ ಯವ್ವಾ, ನನಗೇನೂ ಅವಸರಿಲ್ಲ” ಎಂದರು. ಅವರ ಹೆಸರನ್ನು ನಾವು ಕೇಳಲಿಲ್ಲ; ಆ ಮಾತಿಗೆ ಅವರಿಗೆ ನಮ್ಮ ಶರಣು. ಚೌಕಾಶಿ ಕಾಲು ಗಂಟೆ ನಡೆಯಿತು. ಇನ್ನೂರು ರೂಪಾಯಿ ಇಳಿಯಿತು. ಸೊಂಟದ ಸಂಚಿಯನ್ನು ಬಿಚ್ಚಿ ತಾಯಿಯವರು ತಮ್ಮದೇ ಹಣ ಎಣಿಸಿದರು. ನಮ್ಮ ಹಣ ಮುಟ್ಟಲಿಲ್ಲ.

ಸೀರೆ ಅವರಿಗಲ್ಲ. ಹದಿನಾಲ್ಕು ತಿಂಗಳೂ ಬೆಳಿಗ್ಗೆ ಬಂದು ಅವರಿಗೆ ಎಣ್ಣೆ ತಿಕ್ಕಿ, ಮೈತೊಳೆದು ಹೋಗುತ್ತಿದ್ದ ಹೆಣ್ಣುಮಗಳಿಗೆ. ತಿಂಗಳ ಸಂಬಳವನ್ನು ನಾವು ಕೊಡುತ್ತಿದ್ದೆವು. ಇದು ಅದರ ಲೆಕ್ಕಕ್ಕೆ ಸೇರತಕ್ಕದ್ದಲ್ಲ. ಕಾಯಿಲೆಯವರಿಗೂ ಕೊಡುವ ಋಣವಿರುತ್ತದೆ. ಅದನ್ನು ತೀರಿಸಲು ಅಂಗಡಿಯವರೆಗೆ ಬರಬೇಕಾಗಿತ್ತು.

ಸಂಜೆ ಚಿತ್ತರಗಿ ಸಂಸ್ಥಾನಮಠಕ್ಕೆ ಹೋಗಿ ಬಂದೆವು. 2018ರಲ್ಲಿ ಲಿಂಗೈಕ್ಯರಾದ ಡಾ. ಮಹಾಂತಪ್ಪಗಳು ಊರೂರು ತಿರುಗಿ, ಕಾಳುಕಡಿಯ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ‘ಮಹಾಂತ ಜೋಳಿಗೆ’ಯನ್ನು ಓದುಗರು ಬಲ್ಲರು. ನಮ್ಮ ತಂದೆಯವರ ತಂಬಾಕಿನ ಚಂಚಿ ಆ ಜೋಳಿಗೆಗೇ ಬಿದ್ದದ್ದು. ತಂದೆಯವರು ಈಗಿಲ್ಲ. ತಾಯಿಯವರು ಮಠದಲ್ಲಿ ಏನನ್ನೂ ಹೇಳಲಿಲ್ಲ, ಶರಣು ಮಾಡಿ ಎದ್ದರು. ಬರುವ ದಾರಿಯಲ್ಲಿ ಅಮೀನಗಡದ ಕರದಂಟು ಕೊಳ್ಳಿಸಿದರು. ತಮಗೆ ಅಗಿಯಲಾಗದಿದ್ದರೂ, ಓಣಿಯವರು ಕೇಳುತ್ತಾರಂತೆ.

ಮರುದಿನ ಅವರು ಮಧ್ಯಾಹ್ನದವರೆಗೆ ಏಳಲಿಲ್ಲ, ಎಡಗಾಲು ಬಾತಿತ್ತು. ಆಕ್ಷೇಪಿಸಿದ್ದ ಹಿರಿಯರು ಬಂದು ನೋಡಿ, ಇದಕ್ಕೇ ತಾವು ಹೇಳಿದ್ದೆಂದರು. ವೈದ್ಯರು ಕಾಲನ್ನು ಎತ್ತರದಲ್ಲಿಟ್ಟು ಎರಡು ದಿನ ವಿಶ್ರಾಂತಿ ಪಡೆಯಲು ಹೇಳಿದರು, ಬಾವು ಇಳಿಯಿತು. ಮೂರನೆಯ ದಿನ ಎಣ್ಣೆ ತಿಕ್ಕುವ ಹೆಣ್ಣುಮಗಳು ಆ ಸೀರೆಯನ್ನುಟ್ಟು ಬಂದಳು. ತಾಯಿಯವರು ಅವಳನ್ನು ತಿರುಗಿಸಿ ನಿಲ್ಲಿಸಿ, ಸೆರಗಿನ ಕೂಡಿಕೆಯನ್ನು ಅವಳಿಗೂ ಸೊಸೆಗೂ ತಿಕ್ಕಿ ತೋರಿಸಿದರು.

ಈಗ ಬನದ ಹುಣ್ಣಿಮೆ ಹತ್ತಿರವಾಗುತ್ತಿದೆ. ಜಾತ್ರೆಯ ಜನ ಸೇರುವ ಮೊದಲೇ ಬನಶಂಕರಿಗೆ ಹೋಗುವುದೆಂದೂ, ದಾರಿಯಲ್ಲಿ ತವರಿನ ಹೊಳೆದಂಡೆಯಲ್ಲಿ ಇಳಿಯುವುದೆಂದೂ, ಮೊಮ್ಮಗಳು ಬೇಕಾದರೆ ಬಾದಾಮಿಯಲ್ಲಿ ತನ್ನ ಹದಿನೆಂಟು ಕೈಯವನನ್ನು ನೋಡಿ ಬರಲೆಂದೂ ಅಪ್ಪಣೆಯಾಗಿದೆ. ಬುತ್ತಿಗೆ ಏನೇನೆಂಬುದನ್ನು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಅವರೇ ಹೇಳುತ್ತಿದ್ದಾರೆ.